ಹದಿಮೂರನೇ ತಿಂಗಳ ಸೈಕಲ್ ಯಾತ್ರೆ

ನಮ್ಮ ಭಾವ, ಅಂದರೆ ನನ್ನ ಹೆಂಡತಿಯ ಅಣ್ಣ, ಎಕ್ಸೆಲ್ ಶೀಟಿಲ್ಲದೆ ಯಾವ ಕೆಲಸಕ್ಕೂ ಕೈ ಹಾಕಿದವರಲ್ಲ. ಮಗಳಿಗೆ ಹೆಸರಿಟ್ಟಿದ್ದೂ ಶೀಟಿನಲ್ಲೇ, ಒಂದೊಂದು ಹೆಸರಿಗೂ ಅಂಕ ಹಾಕಿ. ಹೋದ ಜನವರಿಯ ಒಂದು ಭಾನುವಾರ ನ್ಯೂಜೆರ್ಸಿಯಿಂದ ಫೋನ್ ಮಾಡಿ, “ಪಿಟ್ಸ್‌ಬರ್ಗಿನಿಂದ ವಾಷಿಂಗ್ಟನ್ನಿಗೆ ಸೈಕಲ್ಲಲ್ಲಿ ಹೋಗೋಣ. ಶೀಟ್ ಕಳಿಸಿದ್ದೀನಿ, ನೋಡಿ” ಅಂದರು. ಹೋಗೋಣವಾ ಅಂತ ಕೇಳಲಿಲ್ಲ. ಶೀಟ್ ಬಂತು ಅಂದರೆ ತೀರ್ಮಾನ ಆಯಿತು ಅಂತಲೇ ಲೆಕ್ಕ.

ಶೀಟು ಕನ್ನಡದಲ್ಲಿತ್ತು. ದಿನಾಂಕ, ಊರು, ಮೈಲಿ, ತಿಂಡಿ, ಭಾರ ಅಂತ ಐದು ಕಾಲಂ. ಅಮೆರಿಕದಲ್ಲಿ ಇಪ್ಪತ್ತು ವರ್ಷ ಕಳೆದ ಮೇಲೆ ಅವರಿಗೆ ಹುಟ್ಟಿದ ಭಾಷಾಭಿಮಾನ ಅದು. ಮುಂದೆ ಆದ ಅನಾಹುತಕ್ಕೆಲ್ಲ ಈ ಭಾಷಾಭಿಮಾನವೇ ಮೂಲ ಅಂತ ನಾನು ಇವತ್ತಿಗೂ ವಾದಿಸುತ್ತೇನೆ. ಮನೆಯಲ್ಲಿ ಯಾರೂ ಒಪ್ಪುವುದಿಲ್ಲ.

ದಾರಿ ಮಾತ್ರ ನಿಜಕ್ಕೂ ಸೊಗಸು. ಪಿಟ್ಸ್‌ಬರ್ಗಿನಿಂದ ಮೇರಿಲ್ಯಾಂಡಿನ ಕಂಬರ್ಲ್ಯಾಂಡ್‌ವರೆಗೆ 150 ಮೈಲಿ ಗ್ರೇಟ್ ಅಲೆಘೇನಿ ಪ್ಯಾಸೇಜ್. ಹಳೇ ರೈಲುಹಳಿ ಕಿತ್ತು, ಸುಣ್ಣಕಲ್ಲಿನ ಪುಡಿ ಹಾಸಿ ಮಾಡಿದ ಹಾದಿ, 2013ರಲ್ಲಿ ಪೂರ್ತಿಯಾಯಿತು. ಅಲ್ಲಿಂದ ಮುಂದೆ ವಾಷಿಂಗ್ಟನ್ನಿನ ಜಾರ್ಜ್‌ಟೌನ್‌ವರೆಗೆ 184.5 ಮೈಲಿ ಚೆಸಾಪೀಕ್ ಅಂಡ್ ಒಹಾಯೊ ಕಾಲುವೆಯ ಏರಿ. ಒಂದು ಕಾಲಕ್ಕೆ ಹೇಸರಗತ್ತೆಗಳು ಹಗ್ಗ ಕಟ್ಟಿಸಿಕೊಂಡು ದೋಣಿ ಎಳೆಯುತ್ತಾ ನಡೆದ ದಾರಿ. ಲಾರಿ ಇಲ್ಲ, ಕಾರಿಲ್ಲ, ಹಿಂದಿನಿಂದ ಹಾರ್ನ್ ಹೊಡೆಯುವ ಬಸ್ಸಿಲ್ಲ. ಎರಡೂ ಸೇರಿ ನಮ್ಮ ಲೆಕ್ಕಕ್ಕೆ 538 ಕಿಲೋಮೀಟರ್.

ತಿಪಟೂರಿನಲ್ಲಿರುವ ಅಮ್ಮನಿಗೆ ವಿಡಿಯೋ ಕಾಲಿನಲ್ಲಿ, ಊರಿಂದ ಬೆಂಗಳೂರಿಗೆ ಎರಡು ಸಲ ಹೋಗಿಬಂದಷ್ಟು ದೂರ ಅಂತ ವಿವರಿಸಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: “ಎರಡು ಸಲ ಯಾಕೋ? ಮೊದಲನೇ ಸಲ ಏನು ಮರೆತು ಬಂದಿದ್ದೆ?”

ನಾನು ಸೈಕಲ್ ಕಲಿತದ್ದು ಅದೇ ಊರಿನಲ್ಲಿ, ಗಂಟೆಗೆ ಎಂಟಾಣೆ ಬಾಡಿಗೆಯ ಸೈಕಲ್ಲಿನಲ್ಲಿ, ಒಳಪೆಡಲ್ ತುಳಿದು. ಸೀಟಿನ ಮೇಲೆ ಕೂರುವಷ್ಟು ಕಾಲು ಉದ್ದವಾದದ್ದು ಎರಡು ವರ್ಷದ ಮೇಲೆ. ಒಳಪೆಡಲಿನ ಆ ಎರಡು ವರ್ಷ ಎಷ್ಟು ಸುಖದ ಕಾಲವಾಗಿತ್ತು ಅಂತ ಗೊತ್ತಾದದ್ದು ಈಗ, ಐವತ್ತೆರಡರಲ್ಲಿ, ಹೊಸ ಸೈಕಲ್ಲಿನ ಸೀಟಿನ ಮೇಲೆ ಒಂದು ತಾಸು ಕೂತು ಇಳಿದಾಗ. ಅಂಗಡಿಯವನು ಮೆತ್ತೆ ಇರುವ ಚಡ್ಡಿ ಕೊಟ್ಟ. ಅದನ್ನು ಹಾಕಿಕೊಂಡು ಹಾಲ್‌ಗೆ ಬಂದೆ. ಹೆಂಡತಿ ನೋಡಿ, “ಇದನ್ನ ಹಾಕ್ಕೊಂಡು ದಯವಿಟ್ಟು ನಮ್ಮ ಕನ್ನಡ ಸಂಘದವರ ಕಣ್ಣಿಗೆ ಬೀಳಬೇಡಿ” ಅಂದಳು.

ಮೊದಲ ಜಗಳ ಶುರುವಾದದ್ದು ಯಾವ ಕಡೆಯಿಂದ ಹೊರಡುವುದು ಅಂತ. ದಾರಿಯ ನಡುವೆ 2,392 ಅಡಿ ಎತ್ತರದಲ್ಲಿ ಒಂದು ಏಣು ಇದೆ. ಅದರ ಈಚೆ ಬಿದ್ದ ಮಳೆ ಅಟ್ಲಾಂಟಿಕ್ಕಿಗೆ, ಆಚೆ ಬಿದ್ದದ್ದು ಮೆಕ್ಸಿಕೊ ಕೊಲ್ಲಿಗೆ. ನಮ್ಮ ಸಕಲೇಶಪುರದ ಕಡೆ ಬಿಸಿಲೆ ಹತ್ತಿರ ಇರುವಂಥದ್ದೇ. ಪಿಟ್ಸ್‌ಬರ್ಗಿನಿಂದ ಹೊರಟರೆ ನೂರಿಪ್ಪತ್ತು ಮೈಲಿಗೂ ಮೇಲೆ ನಿಧಾನಕ್ಕೆ ಏರಿಸಿ, ಗೊತ್ತೇ ಆಗದ ಹಾಗೆ ಅಲ್ಲಿ ತಂದು ನಿಲ್ಲಿಸುತ್ತದೆ. ವಾಷಿಂಗ್ಟನ್ ಕಡೆಯಿಂದ ಬಂದರೆ ಕಂಬರ್ಲ್ಯಾಂಡ್ ದಾಟಿದ ಮೇಲೆ ಇಪ್ಪತ್ನಾಲ್ಕು ಮೈಲಿಯೊಳಗೆ 1,700 ಅಡಿಗೂ ಮಿಕ್ಕಿ ಹತ್ತಬೇಕು. ಆದರೆ ವಾಷಿಂಗ್ಟನ್ ನಮ್ಮ ಮನೆಯಿಂದ ಮುಕ್ಕಾಲು ಗಂಟೆ. ಪಿಟ್ಸ್‌ಬರ್ಗಿಗೆ ದಿನಕ್ಕೊಂದೇ ರೈಲು, ಸಂಜೆ ಹತ್ತಿದರೆ ಮಧ್ಯರಾತ್ರಿ ಹೊತ್ತಿಗೆ ಇಳಿಸುತ್ತದೆ. ಅದರಲ್ಲಿ ಸೈಕಲ್ಲಿಗೂ ಜಾಗ ಕಾದಿರಿಸಬೇಕು, ಇರುವುದು ಬೆರಳೆಣಿಕೆ.

ಭಾವ ದೇವರನ್ನು ತಂದರು. “ಪಿಟ್ಸ್‌ಬರ್ಗಿನಲ್ಲಿ ವೆಂಕಟೇಶ್ವರ ದೇವಸ್ಥಾನ ಇದೆ. ದರ್ಶನ ಮಾಡಿ, ಪುಳಿಯೋಗರೆ ತಿಂದು ಹೊರಡೋಣ.”

“ಭಾವ, ತಿಮ್ಮಪ್ಪನ ಹತ್ರ ಯಾರಾದ್ರೂ ದರ್ಶನ ಮುಗಿಸ್ಕೊಂಡು ಆಮೇಲೆ ನಡೆಯೋಕೆ ಶುರು ಮಾಡ್ತಾರಾ? ಬೆಟ್ಟ ಹತ್ತೋದು ಮೊದಲು, ದರ್ಶನ ಆಮೇಲೆ.”

“ಶೀಟಲ್ಲಿ ಆಗಲೇ ಹಾಕಾಗಿದೆ” ಅಂದರು. ನಾನು ಸೋತೆ. ರೈಲು ಮತ್ತು ರೂಮು ಕಾದಿರಿಸುವ ಹೊಣೆಯೂ ನನ್ನ ತಲೆಗೆ ಬಂತು.

ನನ್ನನ್ನು ಹುರಿದುಂಬಿಸಲು ಭಾವ ಕಾಲುವೆಯ ಚರಿತ್ರೆ ಹೇಳತೊಡಗಿದರು. 1954ರಲ್ಲಿ ಈ ಏರಿಯ ಮೇಲೆ ಮೋಟಾರು ರಸ್ತೆ ಮಾಡುವ ಮಾತು ಬಂದಾಗ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಸಿಡಿದೆದ್ದು, ರಸ್ತೆಯ ಪರ ಬರೆದ ಪತ್ರಿಕೆಯ ಸಂಪಾದಕರಿಗೆ ‘ಬನ್ನಿ, ನನ್ನ ಜೊತೆ ನಡೆದು ನೋಡಿ’ ಅಂತ ಸವಾಲು ಹಾಕಿ, ಕಂಬರ್ಲ್ಯಾಂಡಿನಿಂದ ವಾಷಿಂಗ್ಟನ್ನಿಗೆ ಎಂಟು ದಿನದಲ್ಲಿ ನಡೆದೇಬಿಟ್ಟರು. 1971ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. “ಆಗ ಅವರಿಗೆ ಐವತ್ತೈದು!” ಅಂದರು ಭಾವ. ಹೊರಟವರು ಮೂವತ್ತು ಚಿಲ್ಲರೆ ಜನ, ಪೂರ್ತಿ ನಡೆದವರು ಒಂಬತ್ತೇ ಮಂದಿ ಅನ್ನುವುದನ್ನು ಅವರು ಹೇಳಲಿಲ್ಲ. ನಾನೇ ಹುಡುಕಿ ಓದಿಕೊಂಡೆ.

ಅದೇ ಓದಿನಲ್ಲಿ ಇನ್ನೊಂದು ಸಂಗತಿ ಸಿಕ್ಕಿ ಸಮಾಧಾನವಾಯಿತು. ಆ ಕಾಲುವೆಯೇ ಒಂದು ಕೆಟ್ಟುಹೋದ ಶೀಟು. 1828ರಲ್ಲಿ ಅಗೆಯಲು ಶುರು ಮಾಡಿದಾಗ ಅದು ಪಿಟ್ಸ್‌ಬರ್ಗಿನ ಒಹಾಯೊ ನದಿವರೆಗೂ ಹೋಗಬೇಕಿತ್ತು. ಕೆಲಸ ಶುರುವಾದ ದಿನವೇ, ಜುಲೈ 4ರಂದು, ಪಕ್ಕದ ಬಾಲ್ಟಿಮೋರಿನಲ್ಲಿ ರೈಲು ಕಂಪನಿಯವರೂ ಅಡಿಗಲ್ಲು ಹಾಕಿದರು. ರೈಲು 1842ಕ್ಕೆ ಕಂಬರ್ಲ್ಯಾಂಡ್ ಮುಟ್ಟಿತು. ಕಾಲುವೆ ಏದುಸಿರು ಬಿಡುತ್ತಾ ಮುಟ್ಟಿದ್ದು 1850ಕ್ಕೆ. ಅಷ್ಟರಲ್ಲಿ ದುಡ್ಡೂ ಮುಗಿದಿತ್ತು, ಉಮೇದೂ ಮುಗಿದಿತ್ತು. ಅಲ್ಲೇ ನಿಂತಿತು.

ಬೇಸಗೆ ಬರುವಷ್ಟರಲ್ಲಿ ಶೀಟು ‘ಭಾರ’ದ ಕಾಲಮ್ಮಿಗೆ ಬಂತು. ಭಾವ ಅಡುಗೆಮನೆಯ ತಕ್ಕಡಿಯಲ್ಲಿ ಒಂದೊಂದೇ ಸಾಮಾನು ತೂಗಿದರು. ಗ್ರಾಂ ಉಳಿಸಲು ಹಲ್ಲುಜ್ಜುವ ಬ್ರಷ್ಷಿನ ಹಿಡಿ ಅರ್ಧಕ್ಕೆ ಕತ್ತರಿಸಿಕೊಂಡರು. ನನ್ನ ಬ್ರಷ್ಷಿಗೂ ಕತ್ತರಿ ತಂದಿದ್ದರು, ಬಚ್ಚಿಟ್ಟೆ. ಗೊಜ್ಜವಲಕ್ಕಿಯ ಪುಡಿ, ಚಟ್ನಿಪುಡಿ, ಹುರಿಗಾಳು ಇಷ್ಟಕ್ಕೆ ಮಂಜೂರಾತಿ ಸಿಕ್ಕಿತು. ಕಾಲುವೆ ದಂಡೆಯ ಉದ್ದಕ್ಕೂ ಬಿಡಾರ ಹೂಡಲು ಪುಕ್ಕಟೆ ಜಾಗಗಳಿವೆ, ಅಲ್ಲೆಲ್ಲ ಕೈಪಂಪು ಇದೆ, ನಮ್ಮೂರಿನ ಬೋರ್‌ವೆಲ್ಲಿನದೇ ತಂಗಿ. ಆದರೆ ನೀರಿಗೆ ಅಯೋಡಿನ್ ಹಾಕಿರುತ್ತಾರೆ. ಆ ನೀರಿನ ಫಿಲ್ಟರ್ ಕಾಫಿಯನ್ನು ನಾನು ಮನಸ್ಸಿನಲ್ಲೇ ಒಂದು ಗುಟುಕು ಕುಡಿದು ನೋಡಿ, ಅರ್ಧ ಲೀಟರ್ ಗಟ್ಟಿ ಡಿಕಾಕ್ಷನ್ ಹೊರುವುದು ಅಂತ ನಿಶ್ಚಯಿಸಿದೆ. ಹೊರಡುವ ಮುನ್ನ ಒಡೆಯಲು ಒಂದು ತೆಂಗಿನಕಾಯಿಯೂ ಸೇರಿತು. ತಿಪಟೂರಿನವನು ಡಾಲರ್ ಕೊಟ್ಟು ಕಾಯಿ ಕೊಳ್ಳುವ ಅವಮಾನದ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಕಾಯಿ 620 ಗ್ರಾಂ ತೂಗಿತು. ಭಾವ ಅದನ್ನು ಶೀಟಿನಲ್ಲಿ ಬರೆದು, ಪಕ್ಕದಲ್ಲಿ ‘ಮೊದಲ ದಿನ ಮಾತ್ರ’ ಅಂತ ಷರಾ ಹಾಕಿದರು.

ಆಗಸ್ಟ್ ಕೊನೆಯ ಶನಿವಾರ ತಾಲೀಮು. ಸೈಕಲ್‌ಗಳನ್ನು ಕಾರಿನ ಬೆನ್ನಿಗೆ ಕಟ್ಟಿಕೊಂಡು, ಅದೇ ಕಾಲುವೆಯ ದಾರಿಯಲ್ಲಿರುವ ಪಾವ್ ಪಾವ್ ಸುರಂಗಕ್ಕೆ ಹೋದೆವು: ಭಾವ, ಭಾವನ ಮಗಳು, ನಾನು. ಪಾವ್‌ಪಾವ್ ಅಂದರೆ ಪರಂಗಿಹಣ್ಣು ಅಂತ ಹೆಂಡತಿಗೆ ಧೈರ್ಯವಾಗಿ ಹೇಳಿ, ಹಣ್ಣು ತರುತ್ತೇನೆ ಅಂತ ಡಬ್ಬಿ ಬೇರೆ ಇಸಿದುಕೊಂಡಿದ್ದೆ. ಪರಂಗಿ ಅಲ್ಲ, ಅದು ಸೀತಾಫಲದ ದಾಯಾದಿ. ದಾರಿ ಬದಿಯಲ್ಲಿ ಒಂದು ಹಣ್ಣು ಉದುರಿ ಬಿರಿದಿತ್ತು. ಹಳದಿ ತಿರುಳು, ಸಪೋಟ ಬೀಜಕ್ಕಿಂತ ದೊಡ್ಡ ಕಂದು ಬೀಜಗಳು, ಕಳಿತ ಬಾಳೆಹಣ್ಣಿನ ಜೊತೆ ಮಾವು ಕಲಸಿಟ್ಟಂಥ ಘಮ. ಮೂಸುತ್ತಾ ಅಲ್ಲೇ ಕುಕ್ಕರಗಾಲಿನಲ್ಲಿ ಕೂತುಬಿಟ್ಟಿದ್ದೆ. “ಮಾವ, ನೀನು ಸೈಕಲ್ ಹೊಡೆಯಕ್ಕೆ ಬಂದಿರೋದು” ಅಂದಳು ಹುಡುಗಿ. ಅಮೆರಿಕದಲ್ಲಿ ಹುಟ್ಟಿದವಳು, ದೇವರಿಂದ ಹಿಡಿದು ಎಲ್ಲರಿಗೂ ‘ನೀನು’.

ಸುರಂಗದ ಉದ್ದ 3,118 ಅಡಿ, ಹತ್ತಿರ ಹತ್ತಿರ ಒಂದು ಕಿಲೋಮೀಟರ್. ಒಳಗೆಲ್ಲ ಇಟ್ಟಿಗೆ. 1836ರಲ್ಲಿ ಶುರು ಮಾಡಿದವರು ಎರಡು ವರ್ಷಕ್ಕೆ ಮುಗಿಸುತ್ತೇವೆ ಅಂತ ಬರೆದುಕೊಟ್ಟಿದ್ದರು, ಹದಿನಾಲ್ಕು ವರ್ಷ ಹಿಡಿಯಿತು. ಒಳಗಿನ ಏರಿ ಒಂದು ಹೇಸರಗತ್ತೆ ನಡೆಯುವಷ್ಟು ಅಗಲ, ಸೈಕಲ್ಲಿನಿಂದ ಇಳಿದು ತಳ್ಳಿಕೊಂಡೇ ಹೋಗಬೇಕು. ಟಾರ್ಚ್ ಎಲ್ಲಿ ಅಂದರೆ, ಶೀಟಿನ ಪ್ರಕಾರ ಚೀಲದ ತಳದಲ್ಲಿ, ಚಟ್ನಿಪುಡಿಯ ಕೆಳಗೆ. ಭಾರವಾದದ್ದು ಕೆಳಗಿರಬೇಕು ಅನ್ನುವುದು ಭಾವನ ಸೂತ್ರ. ಬಗ್ಗಿ ಹುಡುಕುವಷ್ಟು ಜಾಗವೂ ಇಲ್ಲ. ಹುಡುಗಿಯ ಫೋನಿನ ಬೆಳಕಿನಲ್ಲಿ ಒಬ್ಬರ ಹಿಂದೊಬ್ಬರು ಹೆಜ್ಜೆ ಹಾಕಿದೆವು. ಮೇಲಿಂದ ತೊಟ್ಟು ತೊಟ್ಟು ನೀರು ಕತ್ತಿನೊಳಗೆ ಇಳಿಯುತ್ತಿತ್ತು. ಹಿಂದೊಮ್ಮೆ ಇದೇ ಸುರಂಗದಲ್ಲಿ ಎರಡು ದೋಣಿ ಎದುರುಬದುರಾಗಿ, ಇಬ್ಬರೂ ಹಿಂದೆ ಸರಿಯಲ್ಲ ಅಂತ ದಿನಗಟ್ಟಲೆ ಹಟ ಹಿಡಿದು ನಿಂತರಂತೆ. ಕೊನೆಗೆ ಬೆಂಕಿ ಹಾಕಿ ಹೊಗೆ ಎಬ್ಬಿಸಿ ಹೊರಡಿಸಿದರು ಅಂತ ಕತೆ. ಪಿಟ್ಸ್‌ಬರ್ಗೋ ವಾಷಿಂಗ್ಟನ್ನೋ ಅಂತ ನಾವೂ ಹಾಗೇ ನಿಂತಿದ್ದೆವಲ್ಲ ಅಂತ ನಗು ಬಂತು.

ನಟ್ಟನಡುವೆ ಭಾವ ತೃಪ್ತಿಯಿಂದ ಉಸಿರು ಬಿಟ್ಟರು. “ಇನ್ನು ಹೆಚ್ಚು ಕಮ್ಮಿ ಹತ್ತೇ ದಿನ.”

“ಯಾವುದಕ್ಕೆ?” ಅಂದೆ.

ಕತ್ತಲೆಯಲ್ಲಿ ಭಾವನ ಮುಖ ಕಾಣಲಿಲ್ಲ. ಆ ಸುರಂಗ ಕಟ್ಟಿದವರ ಋಣ ನನ್ನ ಮೇಲೆ ಇದ್ದೇ ಇದೆ.

ಶೀಟಿನಲ್ಲಿ ಹೊರಡುವ ದಿನ 9/10 ಅಂತಿತ್ತು. ಹದಿನೆಂಟು ವರ್ಷದಿಂದ ಈ ದೇಶದಲ್ಲಿ ಚೆಕ್ಕು ಬರೆಯುತ್ತಿದ್ದೇನೆ, ಇಲ್ಲಿ ತಿಂಗಳು ಮೊದಲು ಅಂತ ನನಗೆ ಗೊತ್ತಿಲ್ಲವೆ? ಆದರೆ ಮೇಲೆ ಅಚ್ಚಗನ್ನಡದಲ್ಲಿ ‘ದಿನಾಂಕ’ ಅಂತಿದ್ದರೆ ಕೆಳಗಿನದನ್ನು ಯಾವ ಕನ್ನಡಿಗ ಸೆಪ್ಟೆಂಬರ್ ಹತ್ತು ಅಂತ ಓದುತ್ತಾನೆ? ನನ್ನ ಪಾಲಿಗೆ ಅದು ಅಕ್ಟೋಬರ್ ಒಂಬತ್ತು. ರೈಲು, ಸೈಕಲ್ ಜಾಗ, ನಾಲ್ಕೂರಿನ ರೂಮು, ನನ್ನ ರಜೆ, ಎಲ್ಲವೂ ಅಲ್ಲಿಂದಲೇ ಎಣಿಸಿ ಆಗಿತ್ತು.

“ಮೊದಲನೇ ಸಾಲು ಬಿಡಿ,” ಅಂತ ಭಾವನ ದನಿ ಕತ್ತಲಿಂದ ಬಂತು. “ನಾಲ್ಕನೇ ಸಾಲಲ್ಲಿ 9/13 ಅಂತಿದೆ. ಹದಿಮೂರನೇ ತಿಂಗಳು ಯಾವುದು ಅಂತ ಅಂದ್ಕೊಂಡ್ರಿ?”

“ಅಧಿಕಮಾಸ” ಅಂದೆ.

ಹುಡುಗಿ ನಕ್ಕಳು. ಆ ಸುರಂಗದಲ್ಲಿ ಒಬ್ಬರು ನಕ್ಕರೆ ಹತ್ತು ಜನ ನಕ್ಕ ಹಾಗೆ ಕೇಳುತ್ತದೆ.

ಭಾವನಿಗೂ ಮಗಳಿಗೂ ರಜೆ ಇದ್ದದ್ದು ಸೆಪ್ಟೆಂಬರಿನಲ್ಲೇ. ಆ ವಾರದ ರೈಲಿನಲ್ಲಿ ಮೂರು ಮನುಷ್ಯರಿಗೆ ಜಾಗವಿತ್ತು, ಸೈಕಲ್ಲಿಗೆ ಒಂದೂ ಇರಲಿಲ್ಲ. ಉಳಿದದ್ದು ಒಂದೇ ದಾರಿ: ವಾಷಿಂಗ್ಟನ್ನಿನಿಂದ ಹೊರಟು, ಕಂಬರ್ಲ್ಯಾಂಡಿನಾಚೆ ಆ ಏರನ್ನು ಹತ್ತಿ, ಪಿಟ್ಸ್‌ಬರ್ಗ್ ಸೇರುವುದು. ಇದೆಲ್ಲ ನಾನು ಬೇಕಂತಲೇ ಮಾಡಿದ್ದು ಅಂತ ಭಾವನಿಗೆ ಗುಮಾನಿ. ಅಷ್ಟು ಬುದ್ಧಿ ನನಗಿದೆ ಅಂತ ಅವರು ನಂಬಿದ್ದು ಅದೇ ಮೊದಲು, ಆದ್ದರಿಂದ ನಾನು ಅಲ್ಲಗಳೆಯಲಿಲ್ಲ. ಹೆಂಡತಿ ತೀರ್ಪು ಕೊಟ್ಟಳು: “ಅಣ್ಣ, ನೀನು ಶೀಟ್ ಮಾಡು. ಇವರ ಕೈಗೆ ಮಾತ್ರ ಕೊಡಬೇಡ.”

ಸೆಪ್ಟೆಂಬರ್ ಹತ್ತರ ಬೆಳಿಗ್ಗೆ ಅವಳು ಜಾರ್ಜ್‌ಟೌನಿನಲ್ಲಿ ನಮ್ಮನ್ನು ಇಳಿಸಿ, ಹಿಂದಿರುಗಿ ನೋಡದೆ ಹೋದಳು. ಕಾಲುವೆಯ ಸೊನ್ನೆ ಮೈಲಿಯ ಗುರುತಿನಿಂದಲೇ ಹೊರಡಬೇಕು ಅಂತ ಭಾವನ ಪಟ್ಟು. ಎಂಟು ತಿಂಗಳ ಯೋಜನೆಯಲ್ಲಿ ಒಂದನೇ ಮೈಲಿಯಿಂದ 334ರವರೆಗೆ ಎಲ್ಲವೂ ಇತ್ತು, ಸೊನ್ನೆ ಎಲ್ಲಿದೆ ಅಂತ ಮಾತ್ರ ಇರಲಿಲ್ಲ. ನಲವತ್ತು ನಿಮಿಷ ಗಲ್ಲಿ ಗಲ್ಲಿ ಸುತ್ತಿದೆವು. ಕೊನೆಗೆ ದೋಣಿ ಹೊತ್ತುಕೊಂಡು ಹೋಗುತ್ತಿದ್ದ ಹುಡುಗರು ಗದ್ದದಿಂದಲೇ ದಿಕ್ಕು ತೋರಿಸಿದರು. ದೋಣಿಮನೆಯ ಹಿಂಬದಿ, ತೊರೆ ಹೋಗಿ ಪೊಟೊಮ್ಯಾಕ್ ನದಿಗೆ ಸೇರುವ ಕಡೆ, ಮೊಣಕಾಲೆತ್ತರದ ಒಂದು ಗುರುತು.

ಅಷ್ಟರಲ್ಲಿ ಅಮ್ಮನ ಫೋನು. “ಎಲ್ಲಿಗೆ ಬಂದ್ರಪ್ಪಾ?”

“ಸೊನ್ನೆಗೆ ಬಂದಿದೀವಮ್ಮ.”

“ಒಳ್ಳೇದಾಯ್ತು. ಕಾಯಿ ಒಡೆದ್ರಾ?”

ಕಾಯಿ ಕೈಯಲ್ಲೇ ಇತ್ತು. ಎತ್ತಿದೆ. “ಮಾವ, ಬೇಡ! ಇದು ಫೆಡರಲ್ ಜಾಗ, ನಿನ್ನನ್ನ ಹಿಡ್ಕೊಂಡು ಹೋಗ್ತಾರೆ” ಅಂತ ಹುಡುಗಿ ರಟ್ಟೆ ಹಿಡಿದಳು. ಫೋನಿನಲ್ಲಿ ಅಮ್ಮ ಕಾಯುತ್ತಿದ್ದರು. ಭಾವ ಒಂದೂ ಮಾತಾಡದೆ ಕಾಯಿಯನ್ನು ಇಸಿದುಕೊಂಡು ನನ್ನ ಚೀಲದ ತಳಕ್ಕೆ, ಟಾರ್ಚಿನ ಪಕ್ಕಕ್ಕೆ ಇಳಿಸಿದರು. ಆಮೇಲೆ ಫೋನ್ ತೆಗೆದು ಶೀಟು ಬಿಚ್ಚಿ, ‘ಮೊದಲ ದಿನ ಮಾತ್ರ’ ಅಂತಿದ್ದದ್ದನ್ನು ಅಳಿಸಿ, ‘ಪಿಟ್ಸ್‌ಬರ್ಗ್ ದೇವಸ್ಥಾನದವರೆಗೆ’ ಅಂತ ತಿದ್ದಿದರು.