ಪೊರೆ ಆಪರೇಷನ್ ವಿವರಿಸುವ ರೋಬೋಟ್: ಕ್ಯಾಲ್ಗರಿಯ ಕ್ರಮ, ಕೋಲಾರದ ಅಗತ್ಯ

ನಾನಿರುವ ಕೆನಡಾದ ಕ್ಯಾಲ್ಗರಿಯಲ್ಲಿ ಮಕ್ಕಳಿಗೆ ಫ್ಲೂ ಲಸಿಕೆ ಚುಚ್ಚುವಾಗ ಪಕ್ಕದಲ್ಲಿ ನಾವೋ ಎಂಬ 58 ಸೆಂ.ಮೀ. ಎತ್ತರದ ರೋಬೋಟ್ ಇಟ್ಟು ನೋಡಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಅದರಲ್ಲಿದ್ದದ್ದು 4ರಿಂದ 9 ವರ್ಷದ 57 ಮಕ್ಕಳು. ರೋಬೋಟ್ ಮಾತಾಡಿಸಿದ ಮಕ್ಕಳಿಗೆ ನೋವೂ ಗಾಬರಿಯೂ ಕಡಿಮೆಯಿತ್ತು. ಇಲ್ಲಿನ ಕ್ರಮ ಒಂದು ಕೋಣೆ, ಒಂದು ಮಗು, ಜೊತೆಗೆ ಅಪ್ಪ ಅಥವಾ ಅಮ್ಮ. ಕೋಲಾರದಲ್ಲಿ ಕಣ್ಣು ತೋರಿಸಲು ಮುಳಬಾಗಿಲು, ಶ್ರೀನಿವಾಸಪುರ ಕಡೆಯಿಂದ ಬರುವ ತಾತನ ಜೊತೆ ಮಗ, ಸೊಸೆ, ಮೊಮ್ಮಗ ಎಲ್ಲರೂ ಇರುತ್ತಾರೆ. ಮನೆಮಾತು ಎಷ್ಟೋ ಸಲ ತೆಲುಗು.

ಆದರೂ ಇಂಥ ರೋಬೋಟ್‌ಗೆ ಹೆಚ್ಚು ಕೆಲಸವಿರುವುದು ಕೋಲಾರದಲ್ಲೇ, ಪೊರೆ ಆಪರೇಷನ್ನಿನಲ್ಲಿ ಏನಾಗುತ್ತದೆಂದು ರೋಗಿಗೆ ಮೊದಲೇ ಹೇಳುವುದರಲ್ಲಿ, ಅನ್ನುತ್ತೇನೆ. ಪೊರೆ ಆಪರೇಷನ್ನಿನಲ್ಲಿ ಸಾಮಾನ್ಯವಾಗಿ ಕಣ್ಣಿಗಷ್ಟೇ ಮರಗಟ್ಟಿಸುತ್ತಾರೆ, ರೋಗಿಗೆ ಎಚ್ಚರವಿರುತ್ತದೆ. ಮುಖದ ಮೇಲೆ ಬಟ್ಟೆ, ಕಣ್ಣಿಗೆ ಜೋರು ಬೆಳಕು, ಕೆನ್ನೆಗೆ ನೀರಿಳಿದ ಹಾಗಾಗುತ್ತದೆ. ಮೊದಲೇ ಹೇಳಿರದಿದ್ದರೆ ಕೈ ತಾನಾಗಿ ಕಣ್ಣಿಗೆ ಹೋಗುತ್ತದೆ. ಪೊರೆಯನ್ನು ಅಲ್ಟ್ರಾಸೌಂಡಿನಿಂದ ಪುಡಿಮಾಡಿ ಹೀರಿ ತೆಗೆಯುವ ಫೇಕೋ ವಿಧಾನದಲ್ಲಿ 3 ಮಿ.ಮೀ.ಗಿಂತ ಸಣ್ಣ ಸೀಳಿನೊಳಗೆ ಉಪಕರಣವಿರುವಾಗ ತಲೆ ಅಲುಗಿದರೆ, ಲೆನ್ಸ್ ಕೂರಿಸಬೇಕಾದ ತೆಳು ಚೀಲವೇ ಹರಿಯಬಹುದು. ಇದನ್ನೇ ಬೆಳಗಿನಿಂದ ಹೇಳಿ ಹೇಳಿ ದಣಿದ ಸಿಸ್ಟರ್ ಮಧ್ಯಾಹ್ನಕ್ಕೆ ಒಂದೆರಡು ಮಾತು ಬಿಟ್ಟರೆ ಅದು ಅವರ ತಪ್ಪಲ್ಲ. ರೋಬೋಟ್ ದಣಿಯುವುದಿಲ್ಲ.

ನಾವೋ ತಯಾರಿಸಿದ ಕಂಪನಿ ಅದಕ್ಕೆ ಕೊಟ್ಟ ಭಾಷೆಗಳಲ್ಲಿ ಕನ್ನಡವಿಲ್ಲ. ಕೋಲಾರದ ಸಿಸ್ಟರ್ ಒಬ್ಬರ ದನಿಯನ್ನೇ ಅರ್ಧರ್ಧ ನಿಮಿಷದ ತುಣುಕುಗಳಾಗಿ ಕನ್ನಡದಲ್ಲೂ ತೆಲುಗಿನಲ್ಲೂ ರೆಕಾರ್ಡ್ ಮಾಡಿ ತುಂಬಬೇಕು. "ತಾತಾ, ಅಲ್ಲಾಡ್ಬೇಡಿ. ಕೆಮ್ಮು ಬಂದ್ರೆ ಬಾಯಲ್ಲಿ ಹೇಳಿ, ಕೈ ಎತ್ಬೇಡಿ." ಆಮೇಲೆ ಕೇಳಬೇಕು: "ಕೆಮ್ಮು ಬಂದ್ರೆ ಏನ್ ಮಾಡ್ತೀರಾ?" ಈ ಮರುಪ್ರಶ್ನೆ ಇಲ್ಲದಿದ್ದರೆ ಗೋಡೆಯ ಟಿವಿಯೇ ಸಾಕು. ಉತ್ತರವನ್ನು ರೋಬೋಟ್ ಕಿವಿಗೆ ಬಿಡಬೇಡಿ. ಹೊರರೋಗಿ ವಿಭಾಗದ ಗದ್ದಲ, ಅದರ ತಲೆಯೊಳಗಿನ ಫ್ಯಾನ್ ಸದ್ದು, ಹಲ್ಲಿಲ್ಲದ ಬಾಯಿಯ ಮಾತು ಸೇರಿದರೆ ಅದಕ್ಕೆ ಏನೂ ತಿಳಿಯದು. ಸಿಸ್ಟರ್ ಕೇಳಿಸಿಕೊಂಡು ಟ್ಯಾಬ್ಲೆಟ್ಟಿನಲ್ಲಿ ಸರಿ ಅಥವಾ ತಪ್ಪು ಎಂದು ಒತ್ತಲಿ. ತಪ್ಪಾದರೆ ಅದೇ ತುಣುಕು ಮತ್ತೆ ಬರಲಿ.

ಕ್ಯಾಲ್ಗರಿಯ ಮಗುವಿಗೆ ರೋಬೋಟಿನ ಕಣ್ಣಿನ ಬಣ್ಣದ ದೀಪ ಹೊಳೆಯುವುದು ಕಾಣುತ್ತದೆ, ಪೊರೆ ಬಂದ ಕಣ್ಣಿಗೆ ಅದು ಮಸುಕು. ಹಾಗಾಗಿ ನೆತ್ತಿಯ ಸ್ಪರ್ಶ ಸೆನ್ಸರ್ ಬಳಸಿ, ಮುಟ್ಟಿದರೆ ಇನ್ನೊಮ್ಮೆ ಹೇಳುವಂತೆ ಮಾಡಬೇಕು. ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕುವ ಮೊದಲೇ ಇದೆಲ್ಲ ಮುಗಿಯಲಿ. ರೋಬೋಟನ್ನು ಕಾಲ ಮೇಲೆ ನಿಲ್ಲಿಸಿ ಇಡಬೇಡಿ, ಬಹಳ ಹೊತ್ತು ನಿಂತರೆ ಕಾಲಿನ ಮೋಟಾರು ಬಿಸಿಯಾಗುತ್ತದೆ. ಮೇಜಿನ ಮೇಲೆ ತಾತನ ಮುಖದ ಮಟ್ಟಕ್ಕೆ ಕೂರಿಸಿ.

ಸಕ್ಕರೆ ಕಾಯಿಲೆ ಮಾತ್ರೆ, ರಕ್ತ ತೆಳುಮಾಡುವ ಮಾತ್ರೆ ಇವುಗಳ ಪ್ರಶ್ನೆ ಬಂದರೆ ಅದು ಡಾಕ್ಟರಿಗೇ ಹೋಗಬೇಕು. ಒಪ್ಪಿಗೆ ಸಹಿಯೂ ಅಷ್ಟೇ.

ಇಲ್ಲಿ ಬಿಟ್ಟುಹೋಗುವುದು, ಅಲ್ಲಿ ಬೇಕೇ ಬೇಕಾದದ್ದು ಇನ್ನೊಂದಿದೆ: ಸೊಸೆಗಾಗಿಯೇ ಒಂದು ತುಣುಕು. ಮನೆಯಲ್ಲಿ ಡ್ರಾಪ್ಸ್ ಹಾಕುವವರು ಹೆಚ್ಚಾಗಿ ಅವರೇ. ಎರಡು ಬಗೆಯ ಡ್ರಾಪ್ಸ್ ನಡುವೆ 5 ನಿಮಿಷ ಬಿಡಬೇಕು, ಇಲ್ಲದಿದ್ದರೆ ಎರಡನೆಯದು ಮೊದಲನೆಯದನ್ನು ತೊಳೆದುಬಿಡುತ್ತದೆ. ಬಾಟಲಿ ತುದಿ ರೆಪ್ಪೆಗೆ ತಾಗಬಾರದು. ನೋವು ಜಾಸ್ತಿಯಾದರೆ, ಕಣ್ಣು ಕೆಂಪೇರಿದರೆ, ಕಂಡದ್ದು ಮತ್ತೆ ಮಸುಕಾದರೆ ನಾಳೆ ನೋಡೋಣ ಅನ್ನದೆ ಅವತ್ತೇ ಬಸ್ಸು ಹತ್ತಬೇಕು.