ಎಳೆತ ಬರುತ್ತದೆ, ಬಿಡುವುದು ಬರುವುದಿಲ್ಲ

ಅಮೆರಿಕದಲ್ಲಿ ವೀಣೆ ಕಲಿತು ಆಮೇಲೆ ಬ್ಲೂಸ್ (ಅಮೆರಿಕದ ಕಪ್ಪು ಜನರ ಸಂಗೀತ) ಗಿಟಾರ್ ಹಿಡಿಯುವ ನಮ್ಮವರ ಮಕ್ಕಳು ಬ್ಲೂಸ್ ಗಾಯಕ, ಗಿಟಾರ್ ವಾದಕ ಬಿ.ಬಿ. ಕಿಂಗ್ (1925–2015) ಅವರ ಎಳೆತವನ್ನು, ಅಂದರೆ ತಂತಿ ತಳ್ಳಿ ಸ್ವರ ಏರಿಸುವುದನ್ನು, ಬೇಗ ಹಿಡಿಯುತ್ತಾರೆ. ಅವರ ಮೌನ ಮಾತ್ರ ಕೈಗೆ ಹತ್ತುವುದಿಲ್ಲ.

ಶ್ರುತಿ ಪಾಶ್ಚಾತ್ಯ ಸ್ವರ ಎ (A) ಇರಲಿ. ಗಿಟಾರಿನ ಎರಡನೇ ತಂತಿಯ 10ನೇ ಫ್ರೆಟ್ (ವೀಣೆಯ ಮೆಟ್ಟಿನಂಥದು) ಷಡ್ಜ (ಸ), 12ನೆಯದು ಚತುಶ್ರುತಿ ರಿಷಭ (ರಿ). ಆ ರಿಷಭವನ್ನು ಉಂಗುರಬೆರಳಲ್ಲಿ ಒತ್ತಿ, ನಡುಬೆರಳನ್ನು ಹಿಂದೆ ಆನಿಸಿ ಮೇಲಕ್ಕೆ ತಳ್ಳಿದರೆ ಮೊದಲು ಸಾಧಾರಣ ಗಾಂಧಾರ (ತಗ್ಗಿನ ಗ), ಇನ್ನೂ ತಳ್ಳಿದರೆ ಅಂತರ ಗಾಂಧಾರ (ಮೇಲಿನ ಗ). ಬ್ಲೂಸ್ ಕುಳಿತಿರುವುದು ಇವೆರಡರ ನಡುವೆ. ಬರೀ ಬೆರಳಿನ ಬಲದಲ್ಲಿ ತಳ್ಳಿದರೆ ಸ್ವರ ಅರ್ಧಕ್ಕೇ ನಿಲ್ಲುತ್ತದೆ, ಮಣಿಕಟ್ಟು ತಿರುಗಬೇಕು. 13 ಮತ್ತು 14ನೇ ಫ್ರೆಟ್ಟುಗಳನ್ನು ಮೊದಲು ನುಡಿಸಿ ಕಿವಿಗೆ ಗುರುತು ಮಾಡಿಕೊಂಡು ಎಳೆಯುವುದು ಒಳ್ಳೆಯದು. ಎಳೆದು ಬಿಟ್ಟ ಮೇಲೆ ಶ್ರುತಿ ಇಳಿದಿದ್ದರೆ ತಂತಿ ನಟ್ಟಿನ (ಕುತ್ತಿಗೆಯ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಗೀರಿನಲ್ಲಿ ಸಿಕ್ಕಿಕೊಂಡಿದೆ ಎಂದು ಅರ್ಥ. ಅಲ್ಲಿಗೆ ಪೆನ್ಸಿಲ್ ಸೀಸ ತೀಡಿ.

ಕಿಂಗ್ ಅವರ ಸ್ವರದ ನಡುಕ (ವೈಬ್ರಾಟೊ) ಬೇರೆಯೇ. ಬಂಧುವಾದ ಬ್ಲೂಸ್ ಕಲಾವಿದ ಬುಕ್ಕಾ ವೈಟ್, ತಂತಿಯ ಮೇಲೆ ಜಾರಿಸುವ ಕೊಳವೆಯಾದ ಸ್ಲೈಡ್‌ನಲ್ಲಿ ತೆಗೆಯುತ್ತಿದ್ದ ನಾದವನ್ನು ಹಾಗೆ ತೆಗೆಯಲು ತಮಗೆ ಬಾರದೆ, ಕಿಂಗ್ ಅದನ್ನು ಎಡಗೈ ಅಲುಗಿಸಿ ತಂದರು. ಹೆಬ್ಬೆರಳನ್ನು ಗಿಟಾರಿನ ಕುತ್ತಿಗೆಯಿಂದ ಬಿಟ್ಟು, ತೋರುಬೆರಳ ತುದಿಯೊಂದನ್ನೇ ಊರಿ ಮಣಿಕಟ್ಟು ಕುಲುಕುವುದು. ಅದು ಸ್ವರದ ಸುತ್ತಲೇ ಆಡುತ್ತದೆ. ನಮ್ಮ ಕಂಪಿತವನ್ನು (ಸ್ವರವನ್ನು ತೂಗುವ ಗಮಕ) ಅಲ್ಲಿ ಇಟ್ಟರೆ ತೋಡಿ ರಾಗದ ಗಾಂಧಾರ ಕರೆಯದೆ ಬಂದು ಕೂರುತ್ತದೆ!

ದೊಡ್ಡ ಎಡವಟ್ಟು ಬ್ಲೂಸ್ ಸುತ್ತಿನ ಹನ್ನೆರಡು ಬಾರ್‌ಗಳಲ್ಲಿ (ನಾಲ್ಕು ಎಣಿಕೆಗೊಂದು ಬಾರ್) ಐದನೇ ಬಾರ್‌ನಲ್ಲಿ. ನಮ್ಮ ತಂಬೂರಿ ಕಚೇರಿ ಮುಗಿಯುವ ತನಕ ಅಲುಗುವುದಿಲ್ಲ. ಬ್ಲೂಸ್‌ನಲ್ಲಿ ಷಡ್ಜ ಇದ್ದಲ್ಲೇ ಇದ್ದರೂ ಕೆಳಗಿನ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗುಚ್ಛ) ಎ7ನಿಂದ ಡಿ7ಗೆ ಸರಿಯುತ್ತದೆ. ಅಷ್ಟು ಹೊತ್ತು ಸಿಹಿಯಾಗಿದ್ದ ಅಂತರ ಗಾಂಧಾರ ಆಗ ಕಟುವಾಗುತ್ತದೆ, ಏಕೆಂದರೆ ಡಿ7ರೊಳಗೇ ಸಾಧಾರಣ ಗಾಂಧಾರವಿದೆ. ಆ ಎರಡು ಬಾರ್‌ಗಳಲ್ಲಿ ಎಳೆತವನ್ನು ಕಡಿಮೆ ಮಾಡಬೇಕು. ರಾಗದ ಸ್ವರಗಳನ್ನು ಪಾಠ ಒಪ್ಪಿಸುವಂತೆ ನುಡಿಸುವವರಿಗೆ ಇದು ಹೊಳೆಯುವುದೇ ಇಲ್ಲ.

ಇನ್ನು ಮೌನದ ಮಾತು. ಹಾಡುತ್ತಾ ನುಡಿಸಲು ತಮಗೆ ಬಾರದು, ಕಾರ್ಡ್ ನುಡಿಸುವುದೂ ಆಗದು ಎಂದು ಕಿಂಗ್ ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದರು. 1956ರಲ್ಲಿ 342 ಕಾರ್ಯಕ್ರಮ ಕೊಟ್ಟ ಮನುಷ್ಯ! ಹಾಗಾಗಿ ಅವರು ಹಾಡುವಾಗ ಗಿಟಾರ್ ಮೌನ. ಹನ್ನೆರಡು ಬಾರ್‌ಗಳ ಸುತ್ತಿನಲ್ಲಿ ನಾಲ್ಕು ಬಾರ್‌ಗೊಂದು ಸಾಲು. ಹೆಚ್ಚುಕಡಿಮೆ ಎರಡು ಬಾರ್ ಹಾಡಿಗೆ, ಎರಡು ಗಿಟಾರಿಗೆ. ಎಂಟು ಎಣಿಕೆಯ ಆದಿತಾಳದ ಲೆಕ್ಕದಲ್ಲಿ ಒಂದು ಆವರ್ತ ಹಾಡು, ಒಂದು ಆವರ್ತ ಉತ್ತರ. ಇಡೀ ಸುತ್ತಿಗೆ ಆರು ಆವರ್ತ. ನಮ್ಮ ಕೃತಿಯಲ್ಲಿ ಪಿಟೀಲು ಹಾಡಿನ ಬೆನ್ನಿಗೇ ಇರುತ್ತದೆ. ಆ ರೂಢಿಯೇ ಇಲ್ಲಿ ಅಡ್ಡಿ: ಗಾಯಕ ಬಾಯಿ ತೆರೆದರೂ ಕೈ ನಿಲ್ಲುವುದಿಲ್ಲ. ಕಲಿಯುವವರು ಲಯ ಬಡಿಯುವ ಮೆಟ್ರೊನೋಮ್ ಅನ್ನು ನಿಮಿಷಕ್ಕೆ 60ಕ್ಕೆ ಇಟ್ಟು, ಸಾಲನ್ನು ತಾವೇ ಹಾಡಿ, ಆಗ ಬಲಗೈಯನ್ನು ತೊಡೆಯ ಮೇಲಿಟ್ಟು, ಉತ್ತರಕ್ಕೆ ನಾಲ್ಕೇ ಸ್ವರ ನುಡಿಸಿ ಷಡ್ಜಕ್ಕೆ ಇಳಿಯಲಿ. ಐದನೆಯ ಸ್ವರಕ್ಕೆ ಕೈ ತುರಿಸುತ್ತದೆ. ಇಲ್ಲಿನ ಕೂಟಗಳಲ್ಲಿ ಫ್ಯೂಷನ್ ಹೆಸರಿನಲ್ಲಿ ಕೇಳಿಬರುವುದು ಬಹುಪಾಲು ಆ ಐದನೆಯ ಸ್ವರದಿಂದ ಮುಂದಿನದ್ದೇ.