ಸಪಾಟಂತೆ, ಸಪಾಟು!

ಬೆಳಗ್ಗೆ ಗ್ರೂಪಿನಲ್ಲಿ ಯಾರೋ ಅಮೆರಿಕದ ಪಿಟ್ಸ್‌ಬರ್ಗ್‌ನಿಂದ ಕಂಬರ್‌ಲ್ಯಾಂಡ್‌ವರೆಗಿನ ಸೈಕಲ್ ದಾರಿ ಗ್ರೇಟ್ ಅಲಿಗೇನಿ ಪ್ಯಾಸೇಜ್ ಫೋಟೋ ಹಾಕಿ, "ಹಳೇ ರೈಲು ದಾರಿ, ಪೂರ್ತಿ ಸಪಾಟು, ಯಾರು ಬೇಕಾದರೂ ಸೈಕಲ್ ತುಳಿಯಬಹುದು" ಅಂತ ಬರೆದಿದ್ದಾರೆ. ಓದಿದ್ದೇ ತಡ, ನನ್ನ ಎರಡೂ ಮಂಡಿ ನೋಯಲು ಶುರುವಾದವು.

ಈ ಪುಣ್ಯಾತ್ಮರು ಕಂಬರ್‌ಲ್ಯಾಂಡ್‌ನಿಂದ ಹೊರಟಿರಲಿಕ್ಕಿಲ್ಲ ಬಿಡಿ. ಅಲ್ಲಿಂದ ಮಳೆನೀರು ಪೂರ್ವಕ್ಕೊಂದು ಪಾಲು, ಪಶ್ಚಿಮಕ್ಕೊಂದು ಪಾಲಾಗುವ ನೆತ್ತಿಯವರೆಗೆ ಸುಮಾರು 38 ಕಿಲೋಮೀಟರ್. ಅಷ್ಟೂ ಏರು. 500 ಮೀಟರಿಗಿಂತ ಜಾಸ್ತಿ ಹತ್ತಬೇಕು.

ಕಡಿದಾದ ಏರೇನಲ್ಲ, ಒಪ್ಪಿದೆ. 100 ಮೀಟರ್ ಹೋದರೆ ಎರಡು ಮೀಟರ್ ಕೂಡ ಏರುವುದಿಲ್ಲ. ಉಕ್ಕಿನ ಹಳಿ ಮೇಲೆ ಉಕ್ಕಿನ ಗಾಲಿ, ಹಿಡಿತ ಕಡಿಮೆ. ಅದಕ್ಕೇ ಹಿಂದೆ ಇಲ್ಲಿ ಹಳಿ ಹಾಕಿದ ವೆಸ್ಟರ್ನ್ ಮೇರಿಲ್ಯಾಂಡ್ ರೈಲ್ವೆಯವರು ಬೆಟ್ಟ ಕೊರೆದು, ಕಣಿವೆಗೆ ಸೇತುವೆ ಹಾಕಿ, ಏರನ್ನೆಲ್ಲ ತೆಳ್ಳಗೆ ಹರಡಿಟ್ಟರು. ತೊಂದರೆ ಇರುವುದೇ ಅಲ್ಲಿ! ಮಾಮೂಲಿ ರಸ್ತೆಯಲ್ಲಾದರೆ ಒಂದು ದಿಣ್ಣೆ ಹತ್ತಿದರೆ ಒಂದು ಇಳಿಜಾರು ಸಿಗುತ್ತೆ, ಸ್ವಲ್ಪ ಉಸಿರು ಬಿಡಬಹುದು. ಇಲ್ಲಿ ಅದಿಲ್ಲ. ಕಣ್ಣಿಗೆ ಏರು ಕಾಣುವುದೂ ಇಲ್ಲ, ಕಾಲಿಗೆ ಮಾತ್ರ ಗೊತ್ತಾಗುತ್ತೆ. ಬ್ರೇಕ್ ಕಚ್ಚಿಕೊಂಡಿದೆಯೇನೋ ಅಂತ ನಾನು ಎರಡು ಸಲ ಇಳಿದು ನೋಡಿದೆ.

"ಪಿಟ್ಸ್‌ಬರ್ಗ್ ಕಡೆಯಿಂದ ಬನ್ನಿ, ಏರು ಇನ್ನೂ ಕಡಿಮೆ" ಅನ್ನುವವರಿದ್ದಾರೆ. ಹೌದು ಸ್ವಾಮಿ, ಅದನ್ನು 200 ಕಿಲೋಮೀಟರಿಗೆ ಹರಡಿದ್ದಾರೆ. ಕಂತಿನಲ್ಲಿ ಕಟ್ಟಿದರೆ ಸಾಲ ಸಾಲವೇ ಅಲ್ವಾ?

ಬಿಗ್ ಸ್ಯಾವೇಜ್ ಸುರಂಗ ಮಾತ್ರ ಸುಮ್ನೆ ಹೊಗಳುವಂಥದ್ದಲ್ಲ, ಹೋಗಿಯೇ ನೋಡಬೇಕು. ಹೆಚ್ಚುಕಮ್ಮಿ ಒಂದು ಕಿಲೋಮೀಟರ್, ಒಳಗೆ ದೀಪ, ಬೆವರಿದ ಬೆನ್ನಿಗೆ ತಣ್ಣನೆ ಗಾಳಿ. ಚಳಿಗಾಲದಲ್ಲಿ ಬಾಗಿಲು ಹಾಕಿರುತ್ತಾರೆ, ಹೋಗಿ ನಿರಾಸೆಯಾಗಬೇಡಿ.

ಇಷ್ಟೆಲ್ಲ ಕೂಗಾಡುತ್ತಿದ್ದೀನಲ್ಲ, ಕಳೆದ ವರ್ಷ ಹೆಂಡತಿಗೆ "ರೈಲು ದಾರಿ ಕಣೇ, ಸಪಾಟು" ಅಂತ ಹೇಳಿ ಹೊರಡಿಸಿದ್ದು ನಾನೇ. ಏರಿನ ಮಧ್ಯೆ ಸಿಗುವ ಫ್ರಾಸ್ಟ್‌ಬರ್ಗ್ ಊರು ಬರುವವರೆಗೆ ಅವಳು ಒಂದು ಮಾತೂ ಆಡಲಿಲ್ಲ. ಅಲ್ಲಿ ಆಡಿದ ಮಾತನ್ನು ಇಲ್ಲಿ ಬರೆಯುವುದಿಲ್ಲ.

ಈ ಸಲ ನೆತ್ತಿಯ ಮೇಲೆ ಇಬ್ಬರೂ ನಗುತ್ತಾ ನಿಂತ ಫೋಟೋ ಹಾಕಿದ್ದೆ, ನೀವೆಲ್ಲ "ಸೂಪರ್" ಅಂದಿರಿ. ಕಂಬರ್‌ಲ್ಯಾಂಡ್‌ನಿಂದ ಫ್ರಾಸ್ಟ್‌ಬರ್ಗಿಗೆ ಒಂದು ಪ್ರವಾಸಿ ರೈಲು ಓಡುತ್ತೆ. ಸೈಕಲ್ಲನ್ನೂ ಹಾಕಿಕೊಳ್ಳುತ್ತಾರೆ. ಪಕ್ಕದ ದಾರಿಯಲ್ಲಿ ಏದುಸಿರು ಬಿಡುತ್ತಾ ತುಳಿಯುತ್ತಿದ್ದವರಿಗೆ ನಾವು ಕಿಟಕಿಯಿಂದ ಕೈ ಬೀಸಿದೆವು.